ರೂತ್ ಪ್ಯಾಟ್ರಿಕ್ ಮತ್ತು ಅವರ ಡಯಾಟಮ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ, ಕಾಲೇಜುಗಳಿಗೆ ಮೈಕ್ರೋಸ್ಕೋಪ್ ಹೊತ್ತುಕೊಂಡು ಹೋಗಿ ಹಳ್ಳದ ನೀರು ತೋರಿಸುವುದು ನನ್ನ ಹವ್ಯಾಸ. ಡಯಾಟಮ್ ತೋರಿಸಿದಾಗೆಲ್ಲ ರೂತ್ ಪ್ಯಾಟ್ರಿಕ್ ಹೆಸರು ಬಾಯಿಗೆ ಬಂದುಬಿಡುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಎದುರಿಗೆ ಕೇಳಿದ್ದು, ಪತ್ರದಲ್ಲಿ ಬಂದದ್ದು, ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡೆದು ಬಂದು ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲು ಸುಲಭದವು, ಹೋಗ್ತಾ ಹೋಗ್ತಾ ಸ್ವಲ್ಪ ಗಟ್ಟಿ.

## ಮೊದಲ ಪರಿಚಯ

ಡಯಾಟಮ್ ಅಂದ್ರೆ ಏನು ಸಾರ್? ಗಿಡಾನಾ, ಹುಳಾನಾ?

ಎರಡೂ ಅಲ್ಲ. ಒಂದೇ ಜೀವಕೋಶದ ಪಾಚಿ. ಗಾಜಿನ ಮನೆ ಕಟ್ಟಿಕೊಂಡು ಅದರೊಳಗೇ ಬದುಕುವ ಪಾಚಿ ಅನ್ನಿ.

ಹರಿಯುವ ಹಳ್ಳದಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ್ದೀರಲ್ವಾ? ಆ ಕಲ್ಲಿನ ಮೇಲೆ ಕಂದು ಬಣ್ಣದ ತೆಳು ಲೋಳೆ ಇರುತ್ತದೆ. ಬೆರಳಲ್ಲಿ ಉಜ್ಜಿದರೆ ಬಂದುಬಿಡುತ್ತದೆ. ಅದರಲ್ಲಿ ಬಹುಪಾಲು ಡಯಾಟಮ್‌ಗಳೇ. ಹೆಚ್ಚಿನವು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕವು, ಬರಿಗಣ್ಣಿಗೆ ಕಾಣುವುದಿಲ್ಲ. ನೀರಿನಲ್ಲಿ ಕರಗಿರುವ ಸಿಲಿಕಾ, ಅಂದರೆ ಗಾಜಿನ ಮೂಲವಸ್ತು, ಎಳೆದುಕೊಂಡು ಎರಡು ಹೋಳಿನ ಚಿಪ್ಪು ಮಾಡಿಕೊಳ್ಳುತ್ತವೆ. ಒಂದು ಹೋಳು ಡಬ್ಬಿಯಂತೆ, ಇನ್ನೊಂದು ಮುಚ್ಚಳದಂತೆ. ಆ ಚಿಪ್ಪಿನ ಮೇಲೆ ಜಾಲಂದ್ರದ ಕೆತ್ತನೆಯ ಹಾಗೆ ಸಾಲು ಸಾಲು ತೂತುಗಳು.

ಸಮುದ್ರ, ಕೆರೆ, ಗದ್ದೆ, ಒದ್ದೆ ಗೋಡೆ, ಎಲ್ಲೆಲ್ಲೂ ಇವೆ. ಭೂಮಿಯ ಮೇಲೆ ಬಿಸಿಲು ಬಳಸಿ ಆಹಾರ ಮಾಡುವ ಒಟ್ಟು ಕೆಲಸದಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದು ಅಂತ ಅಂದಾಜು.

ರೂತ್ ಪ್ಯಾಟ್ರಿಕ್ ಯಾರು? ನಾವು ಹೆಸರೇ ಕೇಳಿಲ್ಲವಲ್ಲ

ಕೇಳಿರದಿದ್ದರೆ ಆಶ್ಚರ್ಯವಿಲ್ಲ. ಪಾಚಿ ನೋಡುವವರಿಗೆ ಯಾರು ಕಟೌಟ್ ಹಾಕ್ತಾರೆ!

ಅಮೆರಿಕದ ವಿಜ್ಞಾನಿ. 1907ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಹುಟ್ಟಿದರು, 2013ರಲ್ಲಿ ತಮ್ಮ 105ನೇ ವಯಸ್ಸಿನಲ್ಲಿ ತೀರಿಕೊಂಡರು. 1933ರಲ್ಲಿ ಫಿಲಡೆಲ್ಫಿಯಾದ ಅಕಾಡೆಮಿ ಆಫ್ ನ್ಯಾಚುರಲ್ ಸೈನ್ಸಸ್ ಬಾಗಿಲು ದಾಟಿ ಒಳಗೆ ಹೋದವರು ಜೀವಮಾನವಿಡೀ ಅಲ್ಲೇ ಉಳಿದರು. ಡಯಾಟಮ್‌ಗಳ ಹೆಸರು, ಜಾತಿ, ಕುಲ ಗುರುತಿಸುವುದು ಅವರ ಮೂಲ ಕಸುಬು. ಆ ಕಸುಬನ್ನೇ ಹಿಡಿದು ನದಿಯ ಆರೋಗ್ಯ ಹೇಳುವುದನ್ನು ಅವರು ಜಗತ್ತಿಗೆ ಕಲಿಸಿದರು. 1970ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಅಲ್ಲಿಗೆ ಆಯ್ಕೆಯಾದ ಹನ್ನೆರಡನೇ ಮಹಿಳೆ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ವಿಜ್ಞಾನ ಪದಕವೂ ಬಂತು.

ಕಣ್ಣಿಗೇ ಕಾಣದ ಇಂಥದ್ದರ ಮೇಲೆ ಒಬ್ಬರಿಗೆ ಹುಚ್ಚು ಹಿಡಿಯೋದು ಹೇಗೆ?

ಅಪ್ಪನಿಂದ. ಅವರಪ್ಪ ಫ್ರ್ಯಾಂಕ್ ಪ್ಯಾಟ್ರಿಕ್ ವಕೀಲರು, ಆದರೆ ಓದಿದ್ದು ಸಸ್ಯಶಾಸ್ತ್ರ. ಹೊಟ್ಟೆಪಾಡಿಗೆ ಕೋರ್ಟು, ಮನಸ್ಸೆಲ್ಲ ಹಳ್ಳದಲ್ಲಿ. ಭಾನುವಾರ ಬಂತೆಂದರೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕಾಡು, ತೊರೆ ಸುತ್ತುತ್ತಿದ್ದರು. ಕಲ್ಲು, ಹುಳ, ಅಣಬೆ, ಕೈಗೆ ಸಿಕ್ಕಿದ್ದೆಲ್ಲ ಡಬ್ಬಿಗೆ. ಮನೆಗೆ ಬಂದ ಮೇಲೆ ಓದುವ ಕೋಣೆಯ ಮೇಜಿನ ಮುಚ್ಚಳ ಸರಿಸಿ, ತೊರೆಯ ನೀರಿನ ಒಂದು ಹನಿ ಗಾಜಿಗೆ ಹಾಕಿ, ಮೈಕ್ರೋಸ್ಕೋಪ್ ಕೆಳಗೆ ಇಡುತ್ತಿದ್ದರು. ರೂತ್‌ಗೆ ಏಳು ವರ್ಷವಾದಾಗ ಅವಳದೇ ಒಂದು ಮೈಕ್ರೋಸ್ಕೋಪ್ ಕೊಡಿಸಿದರು.

ಮುಂದೆ ಮದುವೆಯಾದ ಮೇಲೂ ಸಂಶೋಧನೆಗಳಲ್ಲಿ ಪ್ಯಾಟ್ರಿಕ್ ಎಂಬ ಹೆಸರನ್ನೇ ಇಟ್ಟುಕೊಂಡರು. ಅಪ್ಪನ ಆಸೆ ಅದಾಗಿತ್ತು.

ಆ ಕಾಲದಲ್ಲಿ ಹೆಂಗಸು ಅಂತ ತೊಂದರೆ ಕೊಡಲಿಲ್ವಾ?

ಕೊಡದೆ ಬಿಟ್ಟಾರೆಯೇ? 1934ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಆಯಿತು. ಆದರೂ ಫಿಲಡೆಲ್ಫಿಯಾದ ಅಕಾಡೆಮಿಯಲ್ಲಿ ಸಂಬಳ ಇಲ್ಲ. ಕೆಲಸ ಮಾಡಿ, ದುಡ್ಡು ಕೇಳಬೇಡಿ ಅನ್ನುವ ಲೆಕ್ಕ. ತುಟಿಗೆ ಬಣ್ಣ ಹಚ್ಚಿಕೊಂಡು ಬರಬಾರದು ಅಂತಲೂ ಹೇಳಿದ್ದರು. ಹೊಟ್ಟೆಪಾಡಿಗೆ ತೋಟಗಾರಿಕೆ ಶಾಲೆಯೊಂದರಲ್ಲಿ ಪಾಠ ಹೇಳಿದರು, ಟೆಂಪಲ್ ವಿಶ್ವವಿದ್ಯಾಲಯಕ್ಕೆ ಕೋಳಿ ಭ್ರೂಣದ ಸ್ಲೈಡು ಮಾಡಿಕೊಟ್ಟರು. ಸಂಬಳ ಶುರುವಾದದ್ದು 1945ರಲ್ಲಿ.

ಎರಡೇ ವರ್ಷಕ್ಕೆ, 1947ರಲ್ಲಿ, ಅದೇ ಸಂಸ್ಥೆಯಲ್ಲಿ ಸಿಹಿನೀರಿನ ಅಧ್ಯಯನಕ್ಕೆಂದೇ ಒಂದು ವಿಭಾಗ ಕಟ್ಟಿದರು. 1973ರಲ್ಲಿ ಅಕಾಡೆಮಿಯ ಆಡಳಿತ ಮಂಡಳಿಯ ಅಧ್ಯಕ್ಷರೇ ಆದರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಇದನ್ನು ಹೇಳಿದಾಗ ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಸಂಬಳವಿಲ್ಲದ ಆ ವರ್ಷಗಳೇ ನೆನಪಿಗೆ ಬರುತ್ತವೆ. ಅವರು ಹೇಗೋ ತಡೆದುಕೊಂಡರು. ತಡೆಯಲಾಗದೆ ಬಿಟ್ಟುಹೋದವರ ಹೆಸರು ಯಾರಿಗೆ ಗೊತ್ತು?

## ಹೆಸರಿಡುವ ಕೆಲಸ

ನನಗೆ ಎಲ್ಲಾ ಡಯಾಟಮ್ಮೂ ಒಂದೇ ತರ ಕಾಣ್ತವೆ. ಅವರು ಬೇರೆ ಬೇರೆ ಅಂತ ಹೇಗೆ ಹೇಳ್ತಾರೆ?

ಮೊದಲ ದಿನ ಎಲ್ಲರಿಗೂ ಹಾಗೇ. ಕಲ್ಲಿನಿಂದ ಕೆರೆದು ತಂದದ್ದನ್ನು ನೇರವಾಗಿ ನೋಡಿದರೆ ಕಂದು ಬಣ್ಣದ ಚೂರುಗಳು ಅತ್ತಿತ್ತ ಜಾರುವುದು ಕಾಣುತ್ತದೆ ಅಷ್ಟೇ. ಒಳಗಿನ ಜೀವದ್ರವ್ಯ ಅಡ್ಡ ಬರುತ್ತದೆ. ಅದಕ್ಕೇ ಮೊದಲು ತೊಳೆಯಬೇಕು. ಸೋಪಿನಲ್ಲಿ ಅಲ್ಲ, ಆಸಿಡ್‌ನಲ್ಲಿ ಕುದಿಸಿ. ಜೀವವಿದ್ದ ಭಾಗವೆಲ್ಲ ಸುಟ್ಟುಹೋಗುತ್ತದೆ, ಗಾಜಿನ ಚಿಪ್ಪಿಗೆ ಏನೂ ಆಗುವುದಿಲ್ಲ. ಆಮೇಲೆ ಚಿಪ್ಪು ತಳಕ್ಕೆ ಕೂರುವವರೆಗೆ ಕಾಯಬೇಕು, ಮೇಲಿನ ನೀರು ಬಸಿಯಬೇಕು, ಮತ್ತೆ ನೀರು ಹಾಕಬೇಕು. ಹೀಗೇ ಹಲವು ಸಲ, ಆಸಿಡ್ ಪೂರ್ತಿ ಹೋಗುವವರೆಗೆ. ಬೆಳಿಗ್ಗೆ ಶುರು ಮಾಡಿದರೆ ಮರುದಿನ ಮುಗಿದರೆ ಪುಣ್ಯ. ಕೊನೆಗೆ ಶೀಸೆಯ ತಳದಲ್ಲಿ ಸುಣ್ಣದ ತಿಳಿಯಂಥ ಬಿಳಿ ಪುಡಿ ಉಳಿಯುತ್ತದೆ. ಅದೇ ಡಯಾಟಮ್.

ಇನ್ನೊಂದು ತಾಪತ್ರಯ ಇದೆ. ಗಾಜಿನ ಸ್ಲೈಡಿನ ಮೇಲೆ ಗಾಜಿನಂಥ ಚಿಪ್ಪಿಟ್ಟರೆ ಏನು ಕಂಡೀತು? ಮಾಮೂಲಿ ಅಂಟಿನಲ್ಲಿ ಕೂರಿಸಿದರೆ ಬಹುಪಾಲು ಮಾಯ. ಬೆಳಕನ್ನು ಜಾಸ್ತಿ ಬಾಗಿಸುವ ಬೇರೆ ಅಂಟೇ ಬೇಕು. ಆಗ ಮಾತ್ರ ಆ ತೂತಿನ ಸಾಲುಗಳು ಗೀರುಗಳಾಗಿ ಎದ್ದು ಬರುತ್ತವೆ.

ಈಗ ನೋಡುವ ಕೆಲಸ. ಆಕಾರ ದುಂಡಗಿದೆಯೋ, ದೋಣಿಯ ಹಾಗೆ ಉದ್ದಕ್ಕಿದೆಯೋ? ದುಂಡಗಿದ್ದರೆ ಒಂದು ದೊಡ್ಡ ಬಳಗ, ಉದ್ದಕ್ಕಿದ್ದರೆ ಇನ್ನೊಂದು. ಉದ್ದದವುಗಳಲ್ಲಿ ಮಧ್ಯೆ ಸೀಳು ಇದೆಯೋ ಇಲ್ಲವೋ? ಸೀಳಿದ್ದವು ಜಾರಿಕೊಂಡು ಚಲಿಸಬಲ್ಲವು. ಸೀಳು ಒಂದೇ ಹೋಳಿನಲ್ಲಿದೆಯೋ, ಎರಡರಲ್ಲೂ ಇದೆಯೋ? ತುದಿ ಚೂಪೋ, ಮೊಂಡೋ, ಗುಂಡಿಯಂತೆ ಉಬ್ಬಿದೆಯೋ? ಇಷ್ಟಾದ ಮೇಲೆ ಗೀರು ಎಣಿಸಬೇಕು. ಮಿಲಿಮೀಟರಿನ ನೂರನೇ ಒಂದು ಭಾಗದೊಳಗೆ ಎಷ್ಟು ಗೀರು? 12 ಇದ್ದರೆ ಒಂದು ಜಾತಿ, 18 ಇದ್ದರೆ ಇನ್ನೊಂದು ಇರಬಹುದು. ಪ್ಯಾಟ್ರಿಕ್ ಜೀವನದ ಎಷ್ಟೋ ಸಾವಿರ ಗಂಟೆ ಈ ಎಣಿಕೆಯಲ್ಲೇ ಹೋಗಿದೆ.

ಅವರು ಫಿಲಡೆಲ್ಫಿಯಾಕ್ಕೇ ಯಾಕೆ ಹೋದ್ರು? ಮೈಕ್ರೋಸ್ಕೋಪ್ ಎಲ್ಲಾ ಕಡೆ ಇರುತ್ತಲ್ಲ

ಮೈಕ್ರೋಸ್ಕೋಪ್ ಇರುತ್ತದೆ, ಹೋಲಿಸಿ ನೋಡಲು ಸ್ಲೈಡು ಇರಬೇಕಲ್ಲ. ನಿಮ್ಮ ಮುಂದಿರುವುದು ಹೊಸ ಜಾತಿಯೋ ಹಳೆಯದೋ ಅಂತ ಹೇಳಬೇಕಾದರೆ, ಮೊದಲು ಹೆಸರಿಟ್ಟವರು ನೋಡಿದ ಅದೇ ಚಿಪ್ಪನ್ನು ನೀವೂ ನೋಡಬೇಕು. ಫಿಲಡೆಲ್ಫಿಯಾದ ಅಕಾಡೆಮಿ 1812ರಷ್ಟು ಹಳೆಯದು. ಹವ್ಯಾಸಿಗಳು, ವಿದ್ವಾಂಸರು ಮಾಡಿಟ್ಟ ಸ್ಲೈಡುಗಳು ಅಲ್ಲಿ ಪೆಟ್ಟಿಗೆಗಟ್ಟಲೆ ಇದ್ದವು. ಇವರ ಪಿಎಚ್‌ಡಿ ಸಯಾಮ್ (ಈಗಿನ ಥಾಯ್ಲೆಂಡ್) ಮತ್ತು ಮಲಯ ಭಾಗದ ಡಯಾಟಮ್‌ಗಳ ಮೇಲೆ. ಅದಕ್ಕೆ ಈ ಸಂಗ್ರಹ ಬೇಕೇ ಬೇಕಿತ್ತು. ಮುಂದೆ ಅದನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಅವರಿಗೇ ಬಂತು. ಇವತ್ತು ಅಲ್ಲಿ ಸುಮಾರು 2 ಲಕ್ಷ 20 ಸಾವಿರ ಸ್ಲೈಡುಗಳಿವೆ.

ವರ್ಗೀಕರಣದಲ್ಲಿ ಅವರ ದೊಡ್ಡ ಕೆಲಸ ಯಾವುದು?

ಚಾರ್ಲ್ಸ್ ರೈಮರ್ ಜೊತೆ ಸೇರಿ ಬರೆದ ‘ಡಯಾಟಮ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’. ಮೊದಲ ಸಂಪುಟ 1966ರಲ್ಲಿ, ಎರಡನೆಯದರ ಮೊದಲ ಭಾಗ 1975ರಲ್ಲಿ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಡಯಾಟಮ್ ಹೆಸರು ಹುಡುಕಬೇಕೆಂದರೆ ಬಹಳ ಸಲ ಯುರೋಪಿನ ಪುಸ್ತಕವೇ ಗತಿ. ನಮ್ಮ ಹೊಲದ ಕಳೆಗೆ ಪರದೇಶದ ಪಟ್ಟಿಯಲ್ಲಿ ಹೆಸರು ಹುಡುಕಿದ ಹಾಗೆ. ಹತ್ತಿರದ ಹೋಲಿಕೆ ಸಿಕ್ಕರೆ ಸಾಕು, ಅದೇ ಅಂತ ಬರೆದುಬಿಡುವುದು. ಇವರಿಬ್ಬರೂ ಮೂಲ ಸ್ಲೈಡು ತೆಗೆದು, ಅಳತೆ ಮಾಡಿ, ಚಿತ್ರ ಬರೆಸಿ, ಯಾವ ತರದ ನೀರಿನಲ್ಲಿ ಸಿಗುತ್ತದೆ ಅನ್ನುವುದನ್ನೂ ಸೇರಿಸಿದರು. ಈ ಕೊನೆಯದೇ ಅವರ ವಿಶೇಷ.

ಪುಸ್ತಕ ಪೂರ್ತಿಯಾಗಲಿಲ್ಲ. ದುಂಡನೆಯ ಡಯಾಟಮ್‌ಗಳ ಸರದಿ ಬರಲೇ ಇಲ್ಲ. ನಿಟ್ಸ್‌ಷಿಯಾದಂಥ ದೊಡ್ಡ ಕುಲವೂ ಹೊರಗೇ ಉಳಿಯಿತು. ಹಾಗಿದ್ದೂ ದಶಕಗಟ್ಟಲೆ ಪ್ರಯೋಗಾಲಯಗಳ ಮೇಜಿನ ಮೇಲೆ ಇದ್ದದ್ದು ಅದೇ ಪುಸ್ತಕ.

## ನದಿ ಓದುವ ಕೆಲಸ

ಪಾಚಿ ನೋಡಿ ನೀರು ಕೆಟ್ಟಿದೆಯೋ ಇಲ್ವೋ ಹೇಳೋಕಾಗುತ್ತಾ? ನೀರನ್ನೇ ಲ್ಯಾಬಿಗೆ ಕೊಟ್ಟರೆ ಆಯ್ತಲ್ಲ?

ಲ್ಯಾಬಿಗೆ ಕೊಟ್ಟ ಬಾಟಲಿ ಆ ಹೊತ್ತಿನ ನೀರಿನ ಕಥೆ ಮಾತ್ರ ಹೇಳುತ್ತದೆ. ಮಧ್ಯರಾತ್ರಿ ಯಾರೋ ಏನೋ ಬಿಟ್ಟು, ಬೆಳಗಾಗುವಷ್ಟರಲ್ಲಿ ಅದು ಹರಿದುಹೋಗಿದ್ದರೆ ಬಾಟಲಿಗೆ ಏನು ಗೊತ್ತು? ಕಲ್ಲಿಗೆ ಅಂಟಿಕೊಂಡ ಡಯಾಟಮ್ ಮೀನಿನ ಹಾಗೆ ಓಡಿಹೋಗಲಾರದು. ಬಂದದ್ದನ್ನೆಲ್ಲ ಅನುಭವಿಸಬೇಕು. ತಡೆಯುವುದು ಉಳಿಯುತ್ತದೆ, ತಡೆಯದ್ದು ಸಾಯುತ್ತದೆ.

ಇದು ಪ್ಯಾಟ್ರಿಕ್‌ಗಿಂತ ಮೊದಲೇ ಗೊತ್ತಿತ್ತು. 1900ರ ದಶಕದಲ್ಲೇ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ‘ಈ ಜೀವಿ ಕಂಡರೆ ಕೊಳಕು ನೀರು, ಆ ಜೀವಿ ಕಂಡರೆ ಶುದ್ಧ ನೀರು’ ಅಂತ ಪಟ್ಟಿ ಮಾಡಿದ್ದರು. ಪ್ಯಾಟ್ರಿಕ್ ಹೇಳಿದ್ದು ಬೇರೆ. ಒಂದು ಜೀವಿಯನ್ನು ನಂಬಬೇಡಿ, ಇಡೀ ಊರನ್ನು ನೋಡಿ.

1948ರಲ್ಲಿ ಪೆನ್ಸಿಲ್ವೇನಿಯಾದ ಕೊನೆಸ್ಟೋಗಾ ತೊರೆಯಲ್ಲಿ ಅದನ್ನು ಮಾಡಿ ತೋರಿಸಿದರು. ತೈಲ ಕಂಪನಿಯ ಅಧಿಕಾರಿಯೊಬ್ಬರು ಇವರ ಭಾಷಣ ಕೇಳಿ ಹಣ ಹೊಂದಿಸಿಕೊಟ್ಟಿದ್ದರು. ರಸಾಯನದವರು, ಬ್ಯಾಕ್ಟೀರಿಯಾದವರು, ಹುಳದವರು, ಮೀನಿನವರು, ಪಾಚಿಯವರು, ಎಲ್ಲರೂ ಒಟ್ಟಿಗೆ ತೊರೆಗೆ ಇಳಿದರು. ಆ ಕಾಲದಲ್ಲಿ ಇದು ಅಪರೂಪ. ಚರಂಡಿ ಸೇರುವ ಜಾಗ, ಕಾರ್ಖಾನೆ ನೀರು ಸೇರುವ ಜಾಗ, ಏನೂ ಸೇರದ ಜಾಗ, ಎಲ್ಲವನ್ನೂ ಹೋಲಿಸಿದರು. ಚೆನ್ನಾಗಿರುವ ನೀರಿನಲ್ಲಿ ಬಗೆಬಗೆಯ ಜೀವಿಗಳು, ಒಂದೊಂದೂ ಹಿತಮಿತ. ಕೆಟ್ಟ ನೀರಿನಲ್ಲಿ ಬಗೆ ಕಡಿಮೆ, ಉಳಿದ ನಾಲ್ಕು ಜಾತಿಗಳದೇ ಜಾತ್ರೆ. ಈಗ ನಮಗಿದು ಮಾಮೂಲಿ ಮಾತು. ಮಾಮೂಲಿ ಆದದ್ದೇ ಅವರಿಂದ.

ಡಯಾಟೋಮೀಟರ್ ಅಂತ ಏನೋ ಕಂಡುಹಿಡಿದ್ರಂತೆ. ಅದನ್ನ ನಾವೂ ಮಾಡಬಹುದಾ?

ಮಾಡಬಹುದು. ತೇಲುವ ಒಂದು ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಸಾಲಾಗಿ ನಿಲ್ಲಿಸಿದ ಮಾಮೂಲಿ ಗಾಜಿನ ಸ್ಲೈಡುಗಳು, ಅಷ್ಟೇ. ಹೊಳೆಯಲ್ಲಿ ಎರಡು ವಾರ ಬಿಟ್ಟರೆ ಸ್ಲೈಡಿನ ಮೇಲೆ ಡಯಾಟಮ್ ಬಂದು ಕೂರುತ್ತವೆ.

ಉಪಾಯ ಎಲ್ಲಿದೆ ನೋಡಿ. ಒಂದು ಕಲ್ಲು ನುಣುಪು, ಇನ್ನೊಂದು ಒರಟು. ಒಂದು ನೆರಳಲ್ಲಿ, ಇನ್ನೊಂದು ಬಿಸಿಲಲ್ಲಿ. ಹೋಲಿಸುವುದು ಕಷ್ಟ. ಸ್ಲೈಡಾದರೆ ಎಲ್ಲ ಕಡೆ ಒಂದೇ. ಕಾರ್ಖಾನೆಯ ಮೇಲ್ಗಡೆ ಒಂದು, ಕೆಳಗಡೆ ಒಂದು ಇಟ್ಟರೆ ನೇರ ಹೋಲಿಕೆ.

ಆಮೇಲೆ ಸಾವಿರಾರು ಚಿಪ್ಪು ಎಣಿಸಿ, ಎಷ್ಟು ಜಾತಿಗಳು ಒಂದೆರಡೇ ಸಿಕ್ಕವು, ಎಷ್ಟು ಜಾತಿಗಳು ನಾಲ್ಕೆಂಟು, ಎಷ್ಟು ಹದಿನಾರು ಮೂವತ್ತೆರಡು ಅಂತ ಗುಂಪು ಮಾಡಿ ಗ್ರಾಫ್ ಹಾಕುತ್ತಿದ್ದರು. ಚೆನ್ನಾಗಿರುವ ಹೊಳೆಯಲ್ಲಿ ಗುಡ್ಡದಂಥ ಗೆರೆ. ಕೆಟ್ಟ ಹೊಳೆಯಲ್ಲಿ ಗುಡ್ಡ ಕುಸಿದು, ಬಲಕ್ಕೆ ಉದ್ದ ಬಾಲ. ಈ ವಿಧಾನ 1954ರಲ್ಲಿ ಪ್ರಕಟವಾಯಿತು.

ನಾನೂ ಒಮ್ಮೆ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ, ಸ್ಲೈಡು ಸಿಕ್ಕಿಸಿ, ಊರ ಹಳ್ಳದಲ್ಲಿ ದಾರ ಕಟ್ಟಿ ಬಿಟ್ಟಿದ್ದೆ. ಎರಡು ವಾರ ಬಿಟ್ಟು ಹೋದರೆ ದಾರ ಮಾತ್ರ ಇತ್ತು. ಎಮ್ಮೆ ತುಳಿಯಿತೋ, ಹುಡುಗರು ಬಿಚ್ಚಿಕೊಂಡರೋ. ಎರಡನೇ ಸಲ ಸೇತುವೆ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಕಟ್ಟಿದೆ. ಬಂತು.

ಪರಿಸರದವರು ಅಂತೀರಾ, ಮತ್ತೆ ಡುಪಾಂಟ್ ಕಂಪನಿಯ ಮಂಡಳಿಯಲ್ಲಿ ಕೂತಿದ್ರಲ್ಲ?

ಕೂತಿದ್ದರು, 1975ರಿಂದ. ಆ ದೊಡ್ಡ ರಾಸಾಯನಿಕ ಕಂಪನಿಯ ಆಡಳಿತ ಮಂಡಳಿಗೆ ಬಂದ ಮೊದಲ ಮಹಿಳೆ ಅವರೇ. ನಂಟು ಇನ್ನೂ ಹಳೆಯದು. ದಕ್ಷಿಣ ಕೆರೊಲಿನಾದ ಸವಾನಾ ನದಿಯ ದಡದಲ್ಲಿ ಅಣ್ವಸ್ತ್ರದ ಸಾಮಗ್ರಿ ಮಾಡುವ ಸ್ಥಾವರ ಡುಪಾಂಟ್ ಕೈಯಲ್ಲಿತ್ತು. 1951ರಲ್ಲಿ, ಸ್ಥಾವರ ಶುರುವಾಗುವ ಮೊದಲೇ, ನದಿಯ ಸ್ಥಿತಿ ಹೇಗಿದೆ ಅಂತ ದಾಖಲಿಸಲು ಇವರ ತಂಡವನ್ನು ಕರೆಸಿದ್ದರು.

ಹೊರಗೆ ನಿಂತು ಕೂಗುವವರೂ ಬೇಕು, ಒಳಗೆ ಹೋಗಿ ಲೆಕ್ಕ ಕೇಳುವವರೂ ಬೇಕು. ಅವರು ಎರಡನೇ ಜಾತಿ. ಹಾಳಾದ ಮೇಲೆ ಅಳತೆ ಮಾಡುವ ಬದಲು ಹಾಳಾಗುವ ಮುಂಚೆಯೇ ಅಳತೆ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಕಂಪನಿಯ ದುಡ್ಡು ಮುಟ್ಟಿದವರ ಮಾತು ನಂಬಬಾರದು ಅಂತ ಒಬ್ಬ ಹುಡುಗ ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದ್ದ. ಅವನ ಅನುಮಾನ ತಪ್ಪು ಅಂತ ನಾನು ಹೇಳಲಾರೆ. ಆದರೆ ಅವರ ಎಣಿಕೆ, ಸ್ಲೈಡು ಎಲ್ಲ ಇವೆ. ಬೇಕಾದವರು ಮತ್ತೆ ಎಣಿಸಬಹುದು. ಅಧ್ಯಕ್ಷ ಜಾನ್ಸನ್‌ಗೆ ನೀರಿನ ಮಾಲಿನ್ಯದ ಬಗ್ಗೆ, ರೇಗನ್‌ಗೆ ಆಮ್ಲ ಮಳೆಯ ಬಗ್ಗೆ ಸಲಹೆ ಕೊಟ್ಟದ್ದೂ ಇವರೇ.

## ಸ್ವಲ್ಪ ಆಳಕ್ಕೆ

ಒಂದು ಡಯಾಟಮ್ ಎರಡಾದಾಗಲೆಲ್ಲ ಸಣ್ಣದಾಗುತ್ತೆ ಅಂತ ಓದಿದೆ. ಹಾಗಾದ್ರೆ ಕೊನೆಗೆ ಏನೂ ಉಳಿಯಲ್ವಲ್ಲ?

ಒಳ್ಳೇ ಪ್ರಶ್ನೆ. ವರ್ಗೀಕರಣದ ದೊಡ್ಡ ತಲೆನೋವೂ ಇದೇ.

ಸ್ಟೀಲ್ ಡಬ್ಬಿಯನ್ನು ನೆನೆಸಿಕೊಳ್ಳಿ. ಮುಚ್ಚಳ ದೊಡ್ಡದು, ಡಬ್ಬಿ ಅದರೊಳಗೆ ಕೂರುವಷ್ಟು ಚಿಕ್ಕದು. ಕೋಶ ಎರಡಾದಾಗ ಒಬ್ಬ ಮುಚ್ಚಳ ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ ಡಬ್ಬಿ. ಇಬ್ಬರೂ ತಮ್ಮ ಪಾಲನ್ನು ಮುಚ್ಚಳ ಮಾಡಿಕೊಂಡು ಒಳಗೆ ಹೊಸ ಡಬ್ಬಿ ಕಟ್ಟುತ್ತಾರೆ. ಮುಚ್ಚಳ ಪಡೆದವನು ಹಳೇ ಅಳತೆ, ಡಬ್ಬಿ ಪಡೆದವನು ಒಂದು ಸುತ್ತು ಚಿಕ್ಕವನು. ತಲೆಮಾರು ಕಳೆದಂತೆ ಸರಾಸರಿ ಕುಗ್ಗುತ್ತಾ ಹೋಗುತ್ತದೆ. 1869ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಸರ್ ಬೇರೆ ಬೇರೆಯಾಗಿ ಇದನ್ನು ಗಮನಿಸಿದರು. ತೀರಾ ಚಿಕ್ಕದಾದಾಗ ಹೆಚ್ಚಿನವು ಲೈಂಗಿಕ ಸಂತಾನಕ್ಕೆ ಇಳಿಯುತ್ತವೆ. ಹಳೇ ಚಿಪ್ಪು ಬಿಸಾಕಿ, ಮೆತ್ತನೆಯ ಗುಳ್ಳೆಯಾಗಿ ಉಬ್ಬಿ, ಪೂರ್ಣ ಅಳತೆಯ ಹೊಸ ಚಿಪ್ಪು ಕಟ್ಟುತ್ತವೆ.

ತೊಂದರೆ ಏನೆಂದರೆ, ಚಿಕ್ಕದಾಗುವಾಗ ಆಕಾರವೂ ಬದಲಾಗುತ್ತದೆ. ಉದ್ದ ದೋಣಿ ಹೋಗಿ ಮೊಟ್ಟೆಯಂತಾಗಬಹುದು. ಹಿಂದಿನವರು ಅಜ್ಜನಿಗೊಂದು, ಮೊಮ್ಮಗನಿಗೊಂದು ಜಾತಿಯ ಹೆಸರು ಕೊಟ್ಟ ಉದಾಹರಣೆಗಳಿವೆ. ಅದಕ್ಕೇ ಒಂದೇ ಚಿಪ್ಪು ನೋಡಿ ಹೆಸರಿಡಬಾರದು. ಒಂದೇ ಜಾಗದ ದೊಡ್ಡದು, ನಡುವಿನದು, ಚಿಕ್ಕದು, ಎಲ್ಲವನ್ನೂ ಸಾಲಾಗಿ ಇಟ್ಟು ನೋಡಬೇಕು. ಗೀರಿನ ಎಣಿಕೆಗೆ ಅಷ್ಟು ಮಹತ್ವ ಯಾಕೆ ಅಂದರೆ, ಅಳತೆ ಕುಗ್ಗಿದರೂ ಗೀರುಗಳ ದಟ್ಟಣೆ ಅಷ್ಟಾಗಿ ಬದಲಾಗುವುದಿಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಡಿಎನ್‌ಎ ಬಂದ ಮೇಲೆ ಅವರಿಟ್ಟ ಹೆಸರೆಲ್ಲ ಹಳೇದಾಯ್ತಲ್ಲ? ಆ ಶ್ರಮ ವ್ಯರ್ಥ ಅಲ್ವಾ?

ಹೆಸರುಗಳು ಬಹಳಷ್ಟು ಬದಲಾದವು, ನಿಜ. ಮೊದಲ ಸಂಪುಟ ಬಂದ ಆಸುಪಾಸಿನಲ್ಲೇ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಳಕೆಗೆ ಬಂತು. ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಬರೀ ಗೀರು ಕಂಡ ಕಡೆ, ಇದರಲ್ಲಿ ಒಂದೊಂದು ತೂತಿನ ಬಾಯಿಯೂ ಕಂಡಿತು. ನಾವಿಕ್ಯುಲಾ ಅನ್ನುವ ಕುಲ ಆವರೆಗೆ ಹಳೇ ಕಾಲದ ಅಟ್ಟದ ಹಾಗಿತ್ತು. ದೋಣಿಯಂತಿರುವುದನ್ನೆಲ್ಲ ಅಲ್ಲಿಗೆ ಎಸೆಯುತ್ತಿದ್ದರು. 1990ರಲ್ಲಿ ರೌಂಡ್, ಕ್ರಾಫರ್ಡ್, ಮನ್ ಎಂಬ ಮೂವರು ಡಯಾಟಮ್ ಕುಲಗಳನ್ನೆಲ್ಲ ಮತ್ತೆ ಜೋಡಿಸಿದಾಗ ಆ ಅಟ್ಟ ಖಾಲಿಯಾಗತೊಡಗಿತು. ಲುಟಿಕೋಲಾ, ಸೆಲ್ಲಫೋರಾ, ಕ್ರಾಟಿಕ್ಯುಲಾ ಅಂತ ಬೇರೆ ಬೇರೆ ಮನೆಗಳಾದವು.

ಸೆಲ್ಲಫೋರಾ ಕಥೆ ಇನ್ನೂ ಮಜಾ. ಸೆಲ್ಲಫೋರಾ ಪ್ಯೂಪುಲಾ ಎಂಬ ಒಂದೇ ಜಾತಿ ಎಲ್ಲ ಕಡೆ ಇದೆ ಅಂತ ನಂಬಿದ್ದರು. ಎಡಿನ್‌ಬರೋದ ಬ್ಲ್ಯಾಕ್‌ಫರ್ಡ್ ಕೊಳದ ಮಾದರಿಗಳನ್ನು ಡೇವಿಡ್ ಮನ್ ವರ್ಷಗಟ್ಟಲೆ ನೋಡಿದರು. ಒಂದೇ ಕೊಳದಲ್ಲಿ ಹಲವು ಬಗೆ, ಒಂದರ ಜೊತೆ ಇನ್ನೊಂದು ಕೂಡುವುದೇ ಇಲ್ಲ. 2004ರಲ್ಲಿ ಅವುಗಳನ್ನು ಬೇರೆ ಜಾತಿಗಳೆಂದು ಪ್ರಕಟಿಸಿದರು, ಒಂದಕ್ಕೆ ಕೊಳದ ಹೆಸರೇ: ಸೆಲ್ಲಫೋರಾ ಬ್ಲ್ಯಾಕ್‌ಫರ್ಡೆನ್ಸಿಸ್.

ಶ್ರಮ ವ್ಯರ್ಥ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೆಸರು ಬದಲಾದರೂ ಸ್ಲೈಡು ಬದಲಾಗಲ್ಲ. ಐವತ್ತು ವರ್ಷದ ಹಿಂದೆ ಯಾವ ನದಿಯಲ್ಲಿ ಯಾವ ಚಿಪ್ಪಿತ್ತು ಅನ್ನುವುದು ಆ ಗಾಜಿನಲ್ಲಿ ಹಾಗೇ ಇದೆ. ಹೊಸ ಹೆಸರು ಹಚ್ಚಿ ಮತ್ತೆ ಓದಿಕೊಳ್ಳಬಹುದು.

ನಮ್ಮ ಕರ್ನಾಟಕದಲ್ಲಿ ಯಾರಾದ್ರೂ ಈ ಕೆಲಸ ಮಾಡಿದ್ದಾರಾ?

ಎಚ್. ಪಿ. ಗಾಂಧಿ. ಪೂರ್ತಿ ಹೆಸರು ಹೇಮೇಂದ್ರಕುಮಾರ್ ಪೃಥ್ವಿರಾಜ್ ಗಾಂಧಿ, 1920ರಿಂದ 2008. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಪಶ್ಚಿಮ ಭಾರತದ ಡಯಾಟಮ್‌ಗಳನ್ನು ಒಬ್ಬರೇ ಕೂತು ಬರೆದಿಟ್ಟರು. ಸಾಗರ ಊರಿನ ಡಯಾಟಮ್‌ಗಳ ಮೇಲೆ ಅವರ ಬರಹ 1959ರದು, ಜೋಗದ ಮೇಲಿನದು 1966ರದು, ಅಂದರೆ ಪ್ಯಾಟ್ರಿಕ್ ಮತ್ತು ರೈಮರ್ ಮೊದಲ ಸಂಪುಟದ ವರ್ಷವೇ.

ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲಿನ ಡಯಾಟಮ್‌ಗಳನ್ನೂ ಅವರು ಬರೆದಿದ್ದಾರೆ. ಶರಾವತಿ ಕಡೆಯವರಿಗೆ ಗೊತ್ತಲ್ಲ, 1964ರಲ್ಲಿ ಲಿಂಗನಮಕ್ಕಿ ಆದಾಗ ಆ ಅಣೆಕಟ್ಟೇ ಮುಳುಗಿತು. ಈಗ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ಅದರ ತಲೆ ಕಾಣುತ್ತದೆ. ಅಲ್ಲಿ ಮುಂಚೆ ಯಾವ ಡಯಾಟಮ್ ಇತ್ತು ಅಂತ ಗೊತ್ತಾಗಬೇಕಾದರೆ ಗಾಂಧಿಯವರ ಚಿತ್ರಗಳನ್ನೇ ನೋಡಬೇಕು. ಇತ್ತೀಚೆಗೆ ಪಶ್ಚಿಮ ಘಟ್ಟದ ಒಂದು ಡಯಾಟಮ್‌ಗೆ ಗೊಂಫೋನೀಮಾ ಗಾಂಧಿಐ ಅಂತ ಅವರ ಹೆಸರನ್ನೇ ಇಟ್ಟಿದ್ದಾರೆ.

ನಾನು ಶುರು ಮಾಡಬೇಕು ಅಂದ್ರೆ ಎಲ್ಲಿಂದ?

ಹಳೇ ಹಲ್ಲುಜ್ಜುವ ಬ್ರಷ್, ಒಂದು ಬಿಳಿ ತಟ್ಟೆ, ಮುಚ್ಚಳವಿರುವ ಸಣ್ಣ ಶೀಸೆ. ಮಳೆ ಬಂದು ಹಳ್ಳ ಕೆಂಪಾದ ದಿನ ಬೇಡ, ಎರಡು ಮೂರು ವಾರ ನೀರು ತಿಳಿಯಾಗಿ ಹರಿದಿರಲಿ. ಅಂಗೈ ಅಗಲದ ನಾಲ್ಕೈದು ಕಲ್ಲು ಎತ್ತಿಕೊಳ್ಳಿ. ಹಸಿರು ನೂಲಿನಂಥ ಪಾಚಿ ಇದ್ದದ್ದು ಬೇಡ, ಕಂದು ಲೋಳೆ ಇದ್ದದ್ದು ಬೇಕು. ತಟ್ಟೆಯ ಮೇಲೆ ಹಿಡಿದು ಬ್ರಷ್‌ನಲ್ಲಿ ಉಜ್ಜಿ, ಸ್ವಲ್ಪ ನೀರು ಹಾಕಿ ತೊಳೆದು ಶೀಸೆಗೆ ತುಂಬಿ. ಇನ್ನೊಂದು ಹಳ್ಳಕ್ಕೆ ಹೋಗುವಾಗ ಬ್ರಷ್ ಬೇರೆ ಇರಲಿ, ಇಲ್ಲದಿದ್ದರೆ ಇಲ್ಲಿಯ ಚಿಪ್ಪು ಅಲ್ಲಿಗೆ ಹೋಗುತ್ತದೆ. ಶಾಲೆಯ 400 ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪ್ ಶುರುವಿಗೆ ಸಾಕು. ಆಸಿಡ್ ಕುದಿಸುವುದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ, ಹೊಗೆ ಹೊರಗೆ ಹಾಕುವ ವ್ಯವಸ್ಥೆ ಇರುವ ಕಾಲೇಜು ಲ್ಯಾಬ್ ಹುಡುಕಿ.

ಶೀಸೆಗೆ ಚೀಟಿ ಅಂಟಿಸಿ: ಯಾವ ಊರು, ಯಾವ ಹಳ್ಳ, ತಾರೀಖು, ಕಲ್ಲಿನಿಂದಲೋ ಕೆಸರಿನಿಂದಲೋ. ಪೆನ್ಸಿಲ್‌ನಲ್ಲಿ ಬರೆಯಿರಿ. ಮಾದರಿ ಕೆಡದಿರಲೆಂದು ಹಾಕುವ ಸ್ಪಿರಿಟ್ ತಾಗಿದರೆ ಪೆನ್ನಿನ ಶಾಯಿ ಹರಡಿಹೋಗುತ್ತದೆ. ನನ್ನ ಮೊದಲ ಹನ್ನೊಂದು ಶೀಸೆ ಹಾಗೇ ಹೋಗಿವೆ. ಒಳಗೆ ಚಿಪ್ಪುಗಳೇನೋ ಚೆನ್ನಾಗೇ ಇವೆ, ಯಾವ ಹಳ್ಳದವು ಅಂತಲೇ ಗೊತ್ತಿಲ್ಲ.